ಕಲೌಪಾಪಾಕ್ಕೆ ತಾವಾಗಿಯೇ ಹೋದವರು

ಹವಾಯಿ ದ್ವೀಪಗಳಲ್ಲಿ ಮೊಲೊಕಾಯಿ ಒಂದು. ಅದರ ಉತ್ತರ ದಂಡೆಯಲ್ಲಿ ಕಲೌಪಾಪಾ ಎಂಬ ಒಂದಿಷ್ಟು ಚಪ್ಪಟೆ ನೆಲ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಮೂರು ಕಡೆ ಪೆಸಿಫಿಕ್ ಸಾಗರ, ನಾಲ್ಕನೆಯ ಕಡೆ ಸುಮಾರು 2,000 ಅಡಿ ಎತ್ತರದ ಕಡಿದಾದ ಬಂಡೆಗೋಡೆ. ಅಲ್ಲಿಂದ ಹೊರಗೆ ಬರಬೇಕಾದರೆ ಹಡಗು ಬೇಕು, ಇಲ್ಲವೇ ಬಂಡೆ ಹತ್ತುವ ಕಾಲು ಬೇಕು. ಕುಷ್ಠ ತಗುಲಿದವರಿಗೆ ಎರಡೂ ಇರಲಿಲ್ಲ. ಸರಕಾರ ಈ ಜಾಗವನ್ನು ಆರಿಸಿದ್ದು ಅದೇ ಲೆಕ್ಕದಲ್ಲಿ.

1865ರಲ್ಲಿ ಹವಾಯಿಯ ದೊರೆ ಐದನೆಯ ಕಮೆಹಮೆಹಾ ಕುಷ್ಠರೋಗ ತಡೆಯುವ ಕಾನೂನಿಗೆ ಸಹಿ ಹಾಕಿದ. ಹೊರಗಿನ ಹಡಗುಗಳು ತಂದ ದಡಾರ, ಸಿಡುಬುಗಳಿಂದ ಅಲ್ಲಿನ ಮೂಲನಿವಾಸಿಗಳ ಸಂಖ್ಯೆ ಆಗಲೇ ನೆಲಕಚ್ಚಿತ್ತು. ಈಗ ಹೊಸದೊಂದು ರೋಗ. ರೋಗ ಇದೆಯೆಂದು ಅನುಮಾನ ಬಂದವರನ್ನು ಹಿಡಿದು, ಪರೀಕ್ಷಿಸಿ, ಪ್ರತ್ಯೇಕವಾಗಿ ಇರಿಸಬೇಕೆಂದು ಕಾನೂನು ಹೇಳಿತು. ಅದಕ್ಕೆಂದು ಆರಿಸಿದ ಮೊಲೊಕಾಯಿಯ ಆ ನೆಲದಲ್ಲಿ ನೂರಾರು ವರ್ಷಗಳಿಂದ ಗೆಣಸು ಬೆಳೆದು, ಮೀನು ಹಿಡಿದು ಬಾಳುತ್ತಿದ್ದವರನ್ನು ಒಕ್ಕಲೆಬ್ಬಿಸಲಾಯಿತು. 1866ರ ಜನವರಿ 6ರಂದು ಮೊದಲ ತಂಡ ಬಂದಿಳಿಯಿತು: ಒಂಬತ್ತು ಗಂಡಸರು, ಮೂವರು ಹೆಂಗಸರು. ರೋಗಿಗಳೇ ಹೊಲ ಉತ್ತು, ಬೆಳೆದು, ಉಣ್ಣುತ್ತಾರೆಂದು ರಾಜಧಾನಿ ಹೊನೊಲುಲುವಿನ ಅಧಿಕಾರಿಗಳು ಅಂದುಕೊಂಡಿದ್ದರು. ಬೆರಳು ಮೊಂಡಾದವನು ಗುದ್ದಲಿ ಹಿಡಿಯುವುದು ಹೇಗೆಂದು ಕಡತದಲ್ಲಿ ಯಾರೂ ಕೇಳಿದಂತಿಲ್ಲ.

ಅಂಡಮಾನಿಗೆ ಹಡಗು ಹತ್ತಿಸಿದವರ ಕಥೆ ನಮಗೆ ಗೊತ್ತು. ಮೊಲೊಕಾಯಿಗೆ ಹೋದವರು ತಪ್ಪನ್ನೇನೂ ಮಾಡಿರಲಿಲ್ಲ, ಶಿಕ್ಷೆಗೆ ಅವಧಿಯೂ ಇರಲಿಲ್ಲ. ಮುಂದಿನ ನೂರು ಚಿಲ್ಲರೆ ವರ್ಷಗಳಲ್ಲಿ ಸುಮಾರು 8,000 ಮಂದಿಯನ್ನು ಹೀಗೆ ಕಳಿಸಲಾಯಿತು. ಅವರಲ್ಲಿ ಹೆಚ್ಚಿನವರು ಹವಾಯಿಯ ಮೂಲನಿವಾಸಿಗಳು, ಮಕ್ಕಳೂ ಇದ್ದರು.

ಈ ಜಾಗದ ಹೆಸರು ಕೇಳಿದೊಡನೆ ಕ್ರೈಸ್ತ ಲೋಕ ನೆನೆಯುವುದು ಫಾದರ್ ಡೇಮಿಯನ್ ಅವರನ್ನು. ನೆನೆಯಲೇಬೇಕಾದ ಮನುಷ್ಯ. ಆದರೆ ಅವರು ಬರುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಕರೆ ಬಾರದೆ, ಕಾನೂನಿನ ಬಲವಂತವಿಲ್ಲದೆ, ಆ ನೆಲಕ್ಕೆ ತಾವಾಗಿಯೇ ಕಾಲಿಟ್ಟ ಇನ್ನೊಂದು ಬಗೆಯ ಜನ ಅಷ್ಟರಲ್ಲೇ ಅಲ್ಲಿದ್ದರು.

ಅವರನ್ನು ಕೋಕುವಾ ಎನ್ನುತ್ತಿದ್ದರು. ಗಂಡನಿಗೆ ರೋಗ ಬಂದಾಗ ಜತೆಗೇ ಹಡಗು ಹತ್ತಿದ ಹೆಂಡತಿ, ಹೆಂಡತಿಯ ಹಿಂದೆ ಹೊರಟ ಗಂಡ, ಮಗುವಿನ ಜತೆ ಬಂದ ತಾಯಿ. ರೋಗ ಇವರಿಗಿರಲಿಲ್ಲ. ಗಂಜಿ ಕಾಯಿಸುವುದು, ಹುಣ್ಣು ತೊಳೆಯುವುದು, ಕಣಿವೆಯಿಂದ ನೀರು ಹೊರುವುದು ಇವರ ಪಾಲಿನ ಕೆಲಸ. ಆರೋಗ್ಯ ಮಂಡಳಿಯ ಕಣ್ಣಿಗೆ ಮಾತ್ರ ಇವರು ದಂಡಕ್ಕೆ ತಿನ್ನುವ ಬಾಯಿಗಳು. ಇವರನ್ನು ತಡೆಯಲು, ಲೆಕ್ಕ ಹಾಕಲು, ಹೊರಗಟ್ಟಲು ಮಂಡಳಿ ಮತ್ತೆ ಮತ್ತೆ ನೋಡಿತು.

ಇವರಲ್ಲಿ ಹೆಸರು ಉಳಿದ ಒಬ್ಬರು ಜೊನಾಥನ್ ನಪೇಲಾ. ಮಾವಿ ದ್ವೀಪದ ಗಣ್ಯ ಮನೆತನ, ನ್ಯಾಯಾಧೀಶರ ಕೆಲಸ ಮಾಡಿದವರು, ಮಾರ್ಮನ್ ಪಂಥ ಸೇರಿ ಅವರ ಧರ್ಮಗ್ರಂಥವನ್ನು ಹವಾಯಿ ಭಾಷೆಗೆ ತರುವುದಕ್ಕೆ ಕೈಜೋಡಿಸಿದವರು. 1873ರಲ್ಲಿ ಹೆಂಡತಿ ಕಿಟ್ಟಿಯನ್ನು ಮೊಲೊಕಾಯಿಗೆ ಕಳಿಸಿದಾಗ ನಪೇಲಾ ಜತೆಗೇ ಹೊರಟರು. ಅಲ್ಲಿ ಕೆಲಕಾಲ ವಸಾಹತಿನ ಮೇಲ್ವಿಚಾರಕರೂ ಆಗಿದ್ದರು. ಮಂಡಳಿಗೆ ಅವರ ಆಡಳಿತ ಸರಿಬೀಳಲಿಲ್ಲ, ಕೆಲಸ ಹೋಯಿತು. ಕೆಲಸ ಹೋದ ಮೇಲೆ ಇಲ್ಲಿರಲು ಅನುಮತಿಯೂ ಹೋಗುವುದೇ ಎಂಬ ಭಯ. ನಪೇಲಾ ಮಂಡಳಿಗೆ ಪತ್ರ ಬರೆದರು: ರೋಗದಲ್ಲೂ ಸುಖದಲ್ಲೂ ಜತೆಗಿರುತ್ತೇನೆಂದು ಮದುವೆಯ ದಿನ ದೇವರ ಮುಂದೆ ಮಾತು ಕೊಟ್ಟಿದ್ದೇನೆ, ಬರಿಯ ಕೋಕುವಾ ಆಗಿಯಾದರೂ ಇರಗೊಡಿ ಎಂಬುದು ಅದರ ಸಾರ. ಇರಲು ಬಿಟ್ಟರು. ಕೊನೆಗೆ ಅವರಿಗೂ ರೋಗ ತಗುಲಿತು. 1879ರಲ್ಲಿ ತೀರಿಕೊಂಡರು, ಹೆಂಡತಿಗಿಂತ ಮೊದಲೇ.

ಪ್ರೊಟೆಸ್ಟಂಟರೂ ಕಾದು ಕೂತಿರಲಿಲ್ಲ. ಮೊದಲ ವರ್ಷ ಮುಗಿಯುವುದರೊಳಗೆ 35 ಮಂದಿ ರೋಗಿಗಳು ಸೇರಿ ಸಿಲೋಅಮಾ ಎಂಬ ಸಭೆ ಕಟ್ಟಿಕೊಂಡಿದ್ದರು. ಬೈಬಲಿನಲ್ಲಿ ಕುರುಡನೊಬ್ಬ ಕಣ್ಣು ತೊಳೆದು ದೃಷ್ಟಿ ಪಡೆದ ಕೊಳದ ಹೆಸರು ಅದು. ಪಾದ್ರಿ ಇಲ್ಲ, ಗುಡಿ ಇಲ್ಲ. ಆ ಮೊದಲ ವರ್ಷಗಳಲ್ಲಿ ರೋಗಿಗಳ ಊರಾಗಿದ್ದ ಕಲವಾವೊವನ್ನು ಕುಡಿತ, ಕಳವು, ಜಗಳಗಳ ನರಕವೆಂದೇ ಬಣ್ಣಿಸುವ ಪುಸ್ತಕಗಳಿಗೆ ಕೊರತೆಯಿಲ್ಲ. ಕುಡಿತವೂ ಕಳವೂ ಇದ್ದದ್ದು ನಿಜ. ಜತೆಗೆ ಈ 35 ಮಂದಿಯೂ ಇದ್ದರು. ಸಂತನೊಬ್ಬನ ಬೆಳಕು ಹೆಚ್ಚಿಸಲು ಹಿನ್ನೆಲೆಯನ್ನು ಕಪ್ಪಾಗಿಸುವುದು ಜೀವನಚರಿತ್ರೆಕಾರರ ಹಳೆಯ ಚಾಳಿ.

ಈಗ ಡೇಮಿಯನ್.

ಹುಟ್ಟಿದ್ದು 1840ರ ಜನವರಿ 3ರಂದು, ಬೆಲ್ಜಿಯಮ್ಮಿನ ಟ್ರೆಮೆಲೊ ಹಳ್ಳಿಯಲ್ಲಿ. ಮನೆಯವರಿಟ್ಟ ಹೆಸರು ಯೋಸೆಫ್ ಡಿ ವೂಸ್ಟರ್. ತಂದೆ ಕಾಳು ವ್ಯಾಪಾರಿ, ಮಗನೂ ಅಂಗಡಿಗೇ ಎಂದುಕೊಂಡಿದ್ದರು. ಅಣ್ಣ ಆಗಲೇ ಯೇಸು ಮರಿಯರ ಪವಿತ್ರ ಹೃದಯಗಳ ಸಭೆ ಸೇರಿದ್ದ, ತಮ್ಮನೂ ಅದೇ ದಾರಿ ಹಿಡಿದ. 1860ರಲ್ಲಿ ಪ್ಯಾರಿಸ್ಸಿನಲ್ಲಿ ವ್ರತವಚನ ಕೊಡುವಾಗ, ಸಭೆಯ ಪದ್ಧತಿಯಂತೆ ಅವರನ್ನು ನೆಲದ ಮೇಲೆ ಮಲಗಿಸಿ ಮೇಲೆ ಶವದ ಹೊದಿಕೆ ಹೊದಿಸಿದರು. ಲೋಕಕ್ಕೆ ಸತ್ತೆ ಎಂಬುದರ ಗುರುತು ಅದು. ಇಪ್ಪತ್ತರ ಹುಡುಗನಿಗೆ ಆಗ ಅದು ವಿಧಿಯೊಂದರ ಭಾಗವಷ್ಟೇ ಆಗಿದ್ದಿರಬೇಕು.

ಹವಾಯಿಗೆ ಹೋಗಬೇಕಿದ್ದದ್ದು ಅಣ್ಣ. 1863ರಲ್ಲಿ ಹೊರಡುವ ಹೊತ್ತಿಗೆ ಅವನಿಗೆ ಟೈಫಸ್ ಜ್ವರ. ತಮ್ಮನಿಗೆ ಇನ್ನೂ ಗುರುದೀಕ್ಷೆ ಆಗಿರಲಿಲ್ಲ. ಆದರೂ ಅಣ್ಣನ ಬದಲು ತನ್ನನ್ನು ಕಳಿಸಿರೆಂದು, ಮಠದ ಹಿರಿಯರನ್ನು ದಾಟಿ, ನೇರ ಪ್ಯಾರಿಸ್ಸಿನ ಮಹಾಶ್ರೇಷ್ಠರಿಗೇ ಪತ್ರ ಬರೆದ. ಹೀಗೆ ಮೇಲಿನವರ ತಲೆ ದಾಟುವ ಗುಣ ಅವರಿಗೆ ಕೊನೆಯವರೆಗೂ ಅಂಟಿಕೊಂಡೇ ಇತ್ತು. 1864ರ ಮಾರ್ಚಿನಲ್ಲಿ ಹೊನೊಲುಲು ತಲುಪಿದರು, ಮೇ ತಿಂಗಳಲ್ಲಿ ಗುರುದೀಕ್ಷೆ. ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದ ಪುನಾ, ಕೊಹಾಲಾ ಸೀಮೆಗಳಲ್ಲಿ ಕುದುರೆ ಏರಿ ಊರೂರು ಅಲೆದರು, ಸಿಕ್ಕಲ್ಲೆಲ್ಲ ಮರ ಕೊಯ್ದು ಗುಡಿ ಕಟ್ಟಿದರು. ಬಡಗಿಯ ಕೈ ಪಳಗಿದ್ದು ಅಲ್ಲಿ.

1873ರ ಮೇ 4ರಂದು ಮಾವಿಯ ವೈಲುಕುವಿನಲ್ಲಿ ಹೊಸ ದೇವಾಲಯದ ಪ್ರತಿಷ್ಠೆ. ಊಟದ ನಡುವೆ ಬಿಷಪ್ ಮೇಗ್ರೆ ಮೊಲೊಕಾಯಿಯ ಮಾತೆತ್ತಿದರು: ಅಲ್ಲಿನ ಕಥೋಲಿಕರು ಗುರುವೊಬ್ಬರಿಗಾಗಿ ಹಾತೊರೆಯುತ್ತಿದ್ದಾರೆ, ಆದರೆ ಆಜ್ಞೆ ಮಾಡಿ ಯಾರನ್ನೂ ಅಲ್ಲಿಗೆ ಕಳಿಸಲಾರೆ. ನಾಲ್ವರು ಕಿರಿಯ ಗುರುಗಳು ಎದ್ದು ನಿಂತರು. ಒಬ್ಬೊಬ್ಬರು ಕೆಲವು ವಾರ ಇದ್ದು ಬರುವುದೆಂದಾಯಿತು. ಮೊದಲ ಪಾಳಿ ಡೇಮಿಯನ್ನರದು. ಮೇ 10ರಂದು, ರೋಗಿಗಳನ್ನೂ ದನಗಳನ್ನೂ ಹೊತ್ತ ಹಡಗಿನಲ್ಲಿ ಬಿಷಪ್ಪರ ಜತೆ ಬಂದಿಳಿದರು. ಎರಡನೆಯ ಪಾಳಿ ಬರಲೇ ಇಲ್ಲ, ಅವರು ಅಲ್ಲೇ ಉಳಿಯಲು ಕೇಳಿಕೊಂಡರು. ಅಂದರೆ, ಜೀವನಪೂರ್ತಿಯ ಬಲಿದಾನ ಆ ದಿನ ಅವರಿಗೆ ಕಾಣಿಸಿದ್ದು ಕೆಲವು ವಾರಗಳ ಡ್ಯೂಟಿಯಾಗಿ. ಉಳಿದ ಹದಿನಾರು ವರ್ಷ ಅದಕ್ಕೆ ಒಂದೊಂದೇ ದಿನವಾಗಿ ಸೇರಿಕೊಂಡಿತು.

ಮೊದಲ ರಾತ್ರಿಗಳು ಒಂದು ಕೇದಗೆ ಜಾತಿಯ ಮರದ ಕೆಳಗೆ, ಗೋರಿಗಳ ಪಕ್ಕ. ಮನೆ ಇರಲಿಲ್ಲ. ಸಂತ ಫಿಲೊಮಿನಾ ಹೆಸರಿನ ಸಣ್ಣ ಮರದ ದೇವಾಲಯ ಮಾತ್ರ ಹಿಂದಿನ ವರ್ಷವೇ ಕಟ್ಟಿದ್ದಿತ್ತು. ಒಳಗೆ ಪೂಜೆ ಮಾಡುವುದು ಸುಲಭವಿರಲಿಲ್ಲ. ಕೀವಿನ ವಾಸನೆಗೆ ಪೀಠ ಬಿಟ್ಟು ಹೊರಗೋಡಬೇಕೆನಿಸುತ್ತಿತ್ತೆಂದು ಅವರೇ ಬರೆದಿದ್ದಾರೆ. ಆ ವಾಸನೆ ಬಟ್ಟೆಗೆ ಅಂಟದಿರಲೆಂದು ಪೈಪು ಸೇದುವ ಅಭ್ಯಾಸ ಮಾಡಿಕೊಂಡರು. ದೇವಾಲಯದ ನೆಲದ ಹಲಗೆಗಳಲ್ಲಿ ಚೌಕಾಕಾರದ ತೂತುಗಳಿವೆ, ಈಗಲೂ ತೋರಿಸುತ್ತಾರೆ. ಗಂಟಲು ಕೆಟ್ಟ ರೋಗಿಗಳಿಗೆ ಬಾಯಲ್ಲಿ ನೀರೂರುತ್ತಲೇ ಇರುತ್ತಿತ್ತು. ಉಗುಳಲು ಎದ್ದು ಹೋಗಬೇಕಾದೀತೆಂದು ನಾಚಿ ಅವರು ಪೂಜೆಗೇ ಬರುತ್ತಿರಲಿಲ್ಲ. ತೂತು ಕೊರೆದ ಮೇಲೆ ಎಲೆಯೊಂದನ್ನು ಲಾಳಿಕೆಯಂತೆ ಸುತ್ತಿ, ಕೂತಲ್ಲಿಂದಲೇ ತೂತಿನೊಳಗೆ ಉಗುಳಿದರಾಯಿತು. ಭಕ್ತಿಯ ಪುಸ್ತಕಗಳು ಈ ತೂತುಗಳನ್ನು ದಾಟಿ ಬೇಗ ಮುಂದೆ ಹೋಗುತ್ತವೆ. ಪ್ರೀತಿ ಎಷ್ಟು ಸಣ್ಣ ವಿವರಕ್ಕೆ ಇಳಿಯಬಲ್ಲದು ಎಂಬುದಕ್ಕೆ ಮೊಲೊಕಾಯಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಆಗ ಅಲ್ಲಿ ಸುಮಾರು 800 ಮಂದಿ. ಸತ್ತವರನ್ನು ಚಾಪೆಯಲ್ಲಿ ಸುತ್ತಿ ಅರೆಬರೆ ಹೂಳುತ್ತಿದ್ದರು, ಹಂದಿಗಳು ಬಂದು ಕೆದಕುತ್ತಿದ್ದವು. ಡೇಮಿಯನ್ ಗೋರಿನೆಲಕ್ಕೆ ಬೇಲಿ ಹಾಕಿದರು, ಶವಪೆಟ್ಟಿಗೆ ಮಾಡಲು ಕೂತರು. ಉಳಿ, ಉಜ್ಜುಗೊರಡು, ಮೊಳೆ. ನೂರಾರು ಪೆಟ್ಟಿಗೆ ಅವರ ಕೈಯಿಂದ ಹೋದವು, ಎಷ್ಟೋ ಗುಂಡಿಗಳನ್ನೂ ತಾವೇ ತೋಡಿದರು. ಕಣಿವೆಯಿಂದ ನೀರಿನ ಕೊಳವೆ ಹಾಕಿಸಿದರು. 1874ರ ಬಿರುಗಾಳಿಗೆ ಹುಲ್ಲಿನ ಗುಡಿಸಲುಗಳು ಹಾರಿಹೋದ ಮೇಲೆ ಮರದ ಮನೆಗಳೆದ್ದವು, ಸುಣ್ಣ ಬಳಿದರು. ಅನಾಥ ಮಕ್ಕಳಿಗೆ ಮನೆ, ಗಾಯನ ಮಂಡಳಿ, ಬ್ಯಾಂಡು. ಬೆರಳು ಮುರುಟಿದವರೂ ವಾದ್ಯ ನುಡಿಸಿದರು. ಇಷ್ಟನ್ನೂ ಅವರೊಬ್ಬರೇ ಮಾಡಿದರೆಂದು ಬರೆಯುವುದು ಅನ್ಯಾಯ. ಹಲಗೆ ಹೊತ್ತವರು, ಗೋಡೆ ಎತ್ತಿದವರು ರೋಗಿಗಳು ಮತ್ತು ಕೋಕುವಾಗಳು.

ಅವರನ್ನು ಕಾಡಿದ್ದು ದುಡಿಮೆಗಿಂತ ಹೆಚ್ಚಾಗಿ ಒಂಟಿತನ, ಅದರಲ್ಲೂ ಪಾಪನಿವೇದನೆಗೆ ಇನ್ನೊಬ್ಬ ಗುರು ಇಲ್ಲದಿದ್ದದ್ದು. ಹೊರಗೆ ಹೋಗಬಾರದೆಂದು ಮಂಡಳಿಯ ಕಟ್ಟಪ್ಪಣೆ. ಒಮ್ಮೆ ಅವರ ಸಭೆಯ ಮುಖ್ಯಸ್ಥ ಫಾದರ್ ಮೊಡೆಸ್ಟ್ ಹಡಗಿನಲ್ಲಿ ಬಂದರು. ಅವರು ಇಳಿಯುವಂತಿಲ್ಲ, ಇವರು ಹತ್ತುವಂತಿಲ್ಲ ಎಂದ ಕಪ್ತಾನ. ಡೇಮಿಯನ್ ದೋಣಿಯಲ್ಲಿ ನಿಂತು, ಕತ್ತೆತ್ತಿ, ತಮ್ಮ ಪಾಪಗಳನ್ನು ಫ್ರೆಂಚಿನಲ್ಲಿ ಕೂಗಿ ಹೇಳಿದರು. ಹಡಗಿನ ಕಟಾಂಜನಕ್ಕೆ ಒರಗಿ ಮೇಲಿನವರು ಕೇಳಿಸಿಕೊಂಡು ಕ್ಷಮಾದಾನ ಕೊಟ್ಟರು. ಗುಟ್ಟಿನಲ್ಲಿ ನಡೆಯಬೇಕಾದ ಸಂಸ್ಕಾರ ಅಲೆಗಳ ನಡುವೆ, ನಾವಿಕರ ಮುಂದೆ ನಡೆಯಿತು.

ಡೇಮಿಯನ್ ಜಾಗ್ರತೆ ತಪ್ಪಿದರು ಎಂಬ ದೂರು ಹಳೆಯದು. ರೋಗಿಗಳ ಜತೆ ಒಂದೇ ಬೋಗುಣಿಯಲ್ಲಿ ಕೈ ಹಾಕಿ ಉಣ್ಣುತ್ತಿದ್ದರು, ತಮ್ಮ ಪೈಪನ್ನು ಅವರಿಗೂ ಕೊಡುತ್ತಿದ್ದರು. ಹವಾಯಿಯಲ್ಲಿ ಊಟಕ್ಕೆ ಕರೆದವನ ಬೋಗುಣಿ ಬೇಡವೆಂದರೆ ಅವನನ್ನೇ ಬೇಡವೆಂದ ಹಾಗೆ. ಪ್ರವಚನದಲ್ಲಿ ‘ಕುಷ್ಠರೋಗಿಗಳಾದ ನಾವು’ ಎಂದೇ ಶುರುಮಾಡುತ್ತಿದ್ದರು. ರೋಗ ಬಂದ ಮೇಲೆ ಒಂದು ಭಾನುವಾರ ಹಾಗೆಂದರು, ಜನ ಬೆಚ್ಚಿಬಿದ್ದರು ಎಂಬ ನಾಟಕೀಯ ಕಥೆ ಚಾಲ್ತಿಯಲ್ಲಿದೆ. ವಾಸ್ತವದಲ್ಲಿ ಬಂದ ವರ್ಷವೇ, ಮೈ ನೆಟ್ಟಗಿದ್ದಾಗಲೇ, ಹಾಗೆ ಹೇಳುತ್ತಿದ್ದೆನೆಂದು ಅಣ್ಣನಿಗೆ ಬರೆದಿದ್ದರು.

1884ರ ಡಿಸೆಂಬರಿನಲ್ಲಿ ಒಂದು ಸಂಜೆ ದಣಿದ ಕಾಲನ್ನು ಬಿಸಿನೀರಿಗೆ ಇಟ್ಟರು. ನೀರು ಕುದಿಯುವಷ್ಟು ಕಾದಿತ್ತು. ಚರ್ಮ ಬೊಬ್ಬೆಯೆದ್ದಿತು, ನೋವಾಗಲಿಲ್ಲ. ಅದರ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ವರ್ಷ ಡಾಕ್ಟರ್ ಆರ್ನಿಂಗ್ ಖಚಿತಪಡಿಸಿದರು. ಇಲ್ಲೊಂದು ಕಾಕತಾಳೀಯ: ಡೇಮಿಯನ್ ಕಲವಾವೊಗೆ ಬಂದ 1873ರಲ್ಲೇ ನಾರ್ವೆಯ ಬರ್ಗೆನ್ ಊರಿನಲ್ಲಿ ಹ್ಯಾನ್ಸನ್ ಎಂಬ ವೈದ್ಯ ಈ ರೋಗದ ರೋಗಾಣುವನ್ನು ಸೂಕ್ಷ್ಮದರ್ಶಕದಡಿ ಕಂಡಿದ್ದ. ಶಾಪವಲ್ಲ, ವಂಶದ ಕಳಂಕವಲ್ಲ, ಬರಿಯ ಒಂದು ರೋಗಾಣು ಎಂಬ ಸಂಗತಿ ಮೊಲೊಕಾಯಿಯ ದಡಕ್ಕೆ ಔಷಧಿಯಾಗಿ ಮುಟ್ಟಲು ಮಾತ್ರ 1940ರ ದಶಕವೇ ಬರಬೇಕಾಯಿತು.

ರೋಗದ ಸುದ್ದಿ ಹಬ್ಬುತ್ತಲೇ ಜಗತ್ತಿನ ಹಣ ಹರಿದುಬಂತು. ಲಂಡನ್ನಿನ ಆಂಗ್ಲಿಕನ್ ಪಾದ್ರಿ ಹ್ಯೂ ಚಾಪ್‌ಮನ್ ದೊಡ್ಡ ಮೊತ್ತ ಕೂಡಿಸಿ ಕಳಿಸಿದರು. ಇದು ಡೇಮಿಯನ್ನರ ಸಭೆಯ ಹಿರಿಯರಿಗೆ ಹಿಡಿಸಲಿಲ್ಲ: ನಮ್ಮವರೇ ನಮ್ಮ ಗುರುವನ್ನು ನೋಡಿಕೊಳ್ಳಲಿಲ್ಲವೆಂದು ಲೋಕ ಆಡಿಕೊಳ್ಳುತ್ತದಲ್ಲ! ಡೇಮಿಯನ್ನರೂ ಸುಲಭದ ಆಸಾಮಿಯಲ್ಲ. ಮಂಡಳಿಯ ಜತೆ ಹಲಗೆ, ಹೊದಿಕೆಗಳಿಗಾಗಿ ಕಾದಾಟ, ಬಿಷಪ್ಪರಿಗೆ ಬಿರುಸಿನ ಪತ್ರಗಳು, ಜತೆಗೆ ಬಂದ ಗುರುಗಳೊಡನೆ ಹೊಂದಿಕೆಯಾಗದ ಸ್ವಭಾವ. ಸಿಟ್ಟು, ಹಟ, ಕೊಳಕು ಬಟ್ಟೆ. ಪವಿತ್ರತೆಯಲ್ಲಿ ಬೆಳೆದದ್ದೆಂದರೆ ಈ ಗುಣಗಳೆಲ್ಲ ಉದುರಿಹೋದವೆಂದು ಅರ್ಥವಲ್ಲ. ಅವು ಹಾಗೆಯೇ ಇದ್ದು, ರೋಗಿಗಳ ಪರವಾಗಿ ದುಡಿಯಲು ಶುರುಮಾಡಿದವು.

ಕೊನೆಯ ಮೂರು ವರ್ಷಗಳಲ್ಲಿ ಅವರ ಸುತ್ತ ಇನ್ನಷ್ಟು ಸ್ವಯಂಸೇವಕರು ಸೇರಿದರು. 1886ರ ಜುಲೈಯಲ್ಲಿ ಬಂದ ಜೋಸೆಫ್ ಡಟನ್ ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದವರು. ಮುರಿದ ಮದುವೆ, ವರ್ಷಗಟ್ಟಲೆ ಕುಡಿತ, ಆಮೇಲೆ ಪಶ್ಚಾತ್ತಾಪ. ಪ್ರಾಯಶ್ಚಿತ್ತಕ್ಕೆಂದು ಬಂದವರು 44 ವರ್ಷ ಅಲ್ಲೇ ಇದ್ದು ಹುಣ್ಣು ಕಟ್ಟಿದರು. 1908ರಲ್ಲಿ ಅಮೆರಿಕದ ಯುದ್ಧನೌಕೆಗಳ ಸಾಲೊಂದು ಅಧ್ಯಕ್ಷ ರೂಸ್‌ವೆಲ್ಟರ ಅಪ್ಪಣೆಯಂತೆ ದಾರಿ ಬದಲಿಸಿ, ಮೊಲೊಕಾಯಿಯ ಮುಂದೆ ಹಾದು ಈ ಮುದುಕನಿಗೆ ಗೌರವ ಸಲ್ಲಿಸಿತು.

ಮದರ್ ಮರಿಯಾನ್ ಕೋಪ್ ಅವರದು ಪೂರ್ತಿ ಬೇರೆಯೇ ದಾರಿ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ಆಸ್ಪತ್ರೆ ನಡೆಸಿದ ಫ್ರಾನ್ಸಿಸ್ಕನ್ ಸಿಸ್ಟರ್. 1883ರಲ್ಲಿ ಹವಾಯಿಗೆ, 1888ರ ನವೆಂಬರಿನಲ್ಲಿ ಕಲೌಪಾಪಾಕ್ಕೆ. ಕೈ ತೊಳೆಯುವುದು ಅವರ ಮೊದಲ ನಿಯಮ, ರೋಗಿಗಳ ಅಡುಗೆಮನೆಯಲ್ಲಿ ಸಿಸ್ಟರ್‌ಗಳು ಉಣ್ಣಕೂಡದು. ನಿಮ್ಮಲ್ಲಿ ಯಾರಿಗೂ ಈ ರೋಗ ತಗುಲುವುದಿಲ್ಲವೆಂದು ತಮ್ಮ ಜತೆಯವರಿಗೆ ಭರವಸೆ ಕೊಟ್ಟಿದ್ದರು, ತಗುಲಲೂ ಇಲ್ಲ. ಹುಡುಗಿಯರಿಗೆ ಬಣ್ಣದ ಬಟ್ಟೆ ಹೊಲಿದು ಕೊಟ್ಟರು, ತೋಟ ಮಾಡಿಸಿದರು. ತ್ಯಾಗವೆಂದರೆ ಮೈಮೇಲೆ ರೋಗ ಎಳೆದುಕೊಳ್ಳುವುದೇ ಆಗಬೇಕಿಲ್ಲ ಎನ್ನುವವರಿಗೆ ಮರಿಯಾನ್ ಸಾಕು. 1918ರಲ್ಲಿ, 80ರ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. 2012ರಲ್ಲಿ ಸಂತ ಪದವಿ ಬಂತು.

ಎಲ್ಲರಿಂದಲೂ ಆಗುವ ಕೆಲಸ ಅದಾಗಿರಲಿಲ್ಲ. ಡೇಮಿಯನ್ನರ ಅಣ್ಣ, ಯಾರ ಬದಲಿಗೆ ಇವರು ಹಡಗು ಹತ್ತಿದ್ದರೋ ಅವರು, 1895ರಲ್ಲಿ ಮೊಲೊಕಾಯಿಗೆ ಬಂದರು. ಒಗ್ಗಲಿಲ್ಲ, ಬೆಲ್ಜಿಯಮ್ಮಿಗೆ ಮರಳಿದರು. ಅವರನ್ನು ಹಗುರವಾಗಿ ಕಾಣಬೇಕಾಗಿಲ್ಲ.

1888ರ ಡಿಸೆಂಬರಿನಲ್ಲಿ ಎಡ್ವರ್ಡ್ ಕ್ಲಿಫರ್ಡ್ ಎಂಬ ಇಂಗ್ಲಿಷ್ ಚಿತ್ರಕಾರ ಡೇಮಿಯನ್ನರನ್ನು ನೋಡಲು ಬಂದ. ಅವನ ಪೆಟ್ಟಿಗೆಯಲ್ಲಿ ಗರ್ಜನ್ ಎಣ್ಣೆಯಿತ್ತು. ಅಂಡಮಾನಿನ ಕೈದಿಗಳ ಮೇಲೆ ಬ್ರಿಟಿಷ್ ವೈದ್ಯರು ಪ್ರಯೋಗಿಸಿದ್ದ ಎಣ್ಣೆ ಅದು. ಸ್ವಲ್ಪ ಹಾಯೆನಿಸಿತೇ ಹೊರತು ರೋಗ ಬಿಡಲಿಲ್ಲ. 1889ರ ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, 49ರ ವಯಸ್ಸಿನಲ್ಲಿ ಡೇಮಿಯನ್ ತೀರಿಕೊಂಡರು. ಮೊದಲ ರಾತ್ರಿಗಳಲ್ಲಿ ನೆರಳು ಕೊಟ್ಟ ಮರದ ಬಳಿಯೇ ಹೂತರು.

ಆ ಸಾವಿನ ಅಲೆ ಭಾರತವನ್ನೂ ಮುಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಯುವರಾಜನ ಮುಂದಾಳುತನದಲ್ಲಿ ಡೇಮಿಯನ್ ನೆನಪಿಗೆ ಕುಷ್ಠರೋಗ ನಿಧಿ ಹುಟ್ಟಿತು, ಅದರ ಹಣದಲ್ಲಿ 1890–91ರಲ್ಲಿ ಆಯೋಗವೊಂದು ಭಾರತ ಸುತ್ತಿತು. ರೋಗ ಜನ ಹೆದರುವಷ್ಟು ಅಂಟುವಂಥದಲ್ಲ, ಎಲ್ಲರನ್ನೂ ಕೂಡಿಹಾಕುವ ಅಗತ್ಯವಿಲ್ಲ ಎಂಬುದು ಆಯೋಗದ ಒಲವು. ಆದರೂ 1898ರಲ್ಲಿ ಕುಷ್ಠರೋಗಿಗಳ ಕಾಯಿದೆ ಬಂತು, ಬೀದಿಯಲ್ಲಿ ಬೇಡುವ ರೋಗಿಗಳನ್ನು ಹಿಡಿದು ಆಶ್ರಮಕ್ಕೆ ತಳ್ಳಲು. ಅದು ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣವಾಗಿಸಿದ್ದ ಕಲಮುಗಳನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ನಪೇಲಾ ಮಂಡಳಿಗೆ ಪತ್ರ ಬರೆದು ಆಗಲೇ 146 ವರ್ಷವಾಗಿತ್ತು. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನ್ ಜೆಸ್ವಿಟ್ ಫಾದರ್ ಮುಲ್ಲರ್, ಹೋಮಿಯೋಪಥಿ ಔಷಧಾಲಯದ ಪಕ್ಕದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದದ್ದೂ 1890ರಲ್ಲೇ.

ಡೇಮಿಯನ್ನರ ಹೆಸರಿಗೆ ಮಸಿ ಬಳಿಯುವ ಕೆಲಸವೂ ಬೇಗ ಶುರುವಾಯಿತು. ಹೊನೊಲುಲುವಿನ ಪ್ರೊಟೆಸ್ಟಂಟ್ ಪಾದ್ರಿ ಹೈಡ್ ಬರೆದ ಖಾಸಗಿ ಪತ್ರವೊಂದು ಪತ್ರಿಕೆಯಲ್ಲಿ ಅಚ್ಚಾಯಿತು: ಆತ ಒರಟ, ಕೊಳಕ, ಹಟಮಾರಿ, ನಡತೆಗೆಟ್ಟವ. ಇದಕ್ಕೆ ಉತ್ತರ ಕೊಟ್ಟವನು ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್, ಅವನೂ ಪ್ರೊಟೆಸ್ಟಂಟನೇ. ಡೇಮಿಯನ್ ತೀರಿಕೊಂಡ ಮರುತಿಂಗಳು ಒಂದು ವಾರ ಕಲೌಪಾಪಾದಲ್ಲಿದ್ದು, ಮದರ್ ಮರಿಯಾನರ ಹುಡುಗಿಯರೊಡನೆ ಕ್ರೊಕೆ ಆಡಿ, ಆಮೇಲೆ ಅವರಿಗೊಂದು ಪಿಯಾನೊ ಕಳಿಸಿಕೊಟ್ಟವನು. 1890ರಲ್ಲಿ ಸಿಡ್ನಿಯಿಂದ ಅವನು ಪ್ರಕಟಿಸಿದ ಬಹಿರಂಗ ಪತ್ರದ ಸ್ವಾರಸ್ಯವೆಂದರೆ, ಒರಟ, ಕೊಳಕ, ಹಟಮಾರಿ ಎಂಬ ಮೂರನ್ನೂ ಅವನು ಬಹುಪಾಲು ಒಪ್ಪಿಬಿಡುತ್ತಾನೆ. ನೀವು ಅಂದದ ಮನೆಯಲ್ಲಿ ಕೂತಿದ್ದಾಗ ಆ ಒರಟ ಅಲ್ಲಿಗೆ ಹೋದ ಎಂಬುದಷ್ಟೇ ಅವನ ವಾದ.

ಚರ್ಚು ಕೂಡ ನಿಧಾನಿಸಿತು. ಸಂತರೆನಿಸಲು ಎರಡು ದಾರಿಗಳು ಮುಖ್ಯವಾಗಿದ್ದವು: ವಿಶ್ವಾಸಕ್ಕಾಗಿ ರಕ್ತ ಚೆಲ್ಲಿ ಸಾಯುವುದು, ಇಲ್ಲವೇ ಅಸಾಧಾರಣ ಸದ್ಗುಣಗಳಿಂದ ಬಾಳುವುದು. ಡೇಮಿಯನ್ನರನ್ನು ಯಾರೂ ಕೊಂದಿರಲಿಲ್ಲ, ಸದ್ಗುಣಗಳ ಪಟ್ಟಿಯಲ್ಲಿ ಶಾಂತಸ್ವಭಾವ ಕಾಣುತ್ತಿರಲಿಲ್ಲ. ಎರಡನೆಯ ದಾರಿಯಲ್ಲೇ, 2009ರ ಅಕ್ಟೋಬರ್ 11ರಂದು, ಅವರು ಸಂತರಾದರು. ಪೋಪ್ ಫ್ರಾನ್ಸಿಸ್ 2017ರಲ್ಲಿ ಇನ್ನೊಂದು ಬಾಗಿಲು ತೆರೆದರು: ಪ್ರೀತಿಯ ಕಾರಣಕ್ಕೆ, ಸಾವು ಬರುವುದೆಂದು ತಿಳಿದೂ ಜೀವ ಒಪ್ಪಿಸಿದವರಿಗೆ ಪ್ರತ್ಯೇಕ ದಾರಿ. ಮೊಲೊಕಾಯಿಯ ಕೋಕುವಾಗಳಲ್ಲಿ ಎಷ್ಟೋ ಮಂದಿ ಆ ಬಾಗಿಲಿನ ಅಳತೆಗೆ ಸರಿಹೊಂದುತ್ತಾರೆ, ಅರ್ಜಿ ಹಾಕುವವರಿಲ್ಲ ಅಷ್ಟೇ. ಅವರಲ್ಲಿ ಅನೇಕರು ಕಥೋಲಿಕರೂ ಅಲ್ಲ.

1936ರಲ್ಲಿ ಬೆಲ್ಜಿಯಂ ಸರಕಾರ ಡೇಮಿಯನ್ನರ ದೇಹವನ್ನು ಕೇಳಿ ತೆಗೆದುಕೊಂಡು ಹೋಯಿತು. ಈಗ ಅದು ಲೂವೆನ್ನಿನಲ್ಲಿದೆ. ವಸಾಹತಿನ ಜನಕ್ಕೆ ಇದರಿಂದ ಆದ ನೋವು ದಶಕಗಳ ಕಾಲ ಹೋಗಲಿಲ್ಲ. 1995ರಲ್ಲಿ ಬಲಗೈಯ ಅವಶೇಷವನ್ನು ಮರಳಿ ತಂದು ಕಲವಾವೊದ ಗೋರಿಯಲ್ಲಿಟ್ಟರು. ಅಷ್ಟರಲ್ಲಿ ಪ್ರತ್ಯೇಕವಾಸದ ಕಾನೂನು 1969ರಲ್ಲೇ ಕೊನೆಗೊಂಡಿತ್ತು, 1980ರಲ್ಲಿ ಜಾಗ ರಾಷ್ಟ್ರೀಯ ಚಾರಿತ್ರಿಕ ಉದ್ಯಾನವಾಗಿತ್ತು. ಹೋಗಬಹುದೆಂದಾಗಲೂ ಹಲವರು ಹೋಗಲಿಲ್ಲ, ಅದೇ ಅವರ ಊರಾಗಿಬಿಟ್ಟಿತ್ತು. ಕಳಿಸಿದ 8,000 ಮಂದಿಯಲ್ಲಿ ಗುರುತಿನ ಕಲ್ಲಿರುವ ಗೋರಿಗಳು ಸಾವಿರದ ಆಸುಪಾಸು. ಉಳಿದವರ ಹೆಸರುಗಳನ್ನೂ ಕೆತ್ತಿಸುವ ಸ್ಮಾರಕಕ್ಕೆ ಅಮೆರಿಕದ ಕಾಂಗ್ರೆಸ್ 2009ರಲ್ಲಿ ಅನುಮತಿ ಕೊಟ್ಟಿತು. ಅದಕ್ಕಾಗಿ ಓಡಾಡಿದವರು ರೋಗಿಗಳು, ಅವರ ಮಕ್ಕಳು, ಮೊಮ್ಮಕ್ಕಳು.